ಪದಚರ್ಚೆ: ಗಾಳವನ್ನು ಎಸೆಯುವುದೋ, ಬೀಸುವುದೋ?

ಪ್ರಶ್ನೆ, ಮಂಗಳೂರಿನಿಂದ

ಬಳಗದ ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಗಾಳ ಕಲಿಯುವವರಿಗೆಂದು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಸಿದ್ಧವಾಗುತ್ತಿದೆ. ಜೆಟ್ಟಿ, ಮೀನುಗಾರಿಕೆ ಧಕ್ಕೆ, ಕಟ್ಟಿ ನಿಲ್ಲಿಸಿದ ದೋಣಿ ಇವುಗಳ ಆಸುಪಾಸಿನಲ್ಲಿ ಗಾಳ ಹಾಕುವ ವರಸೆಗಳಿಗೇ ಅದರಲ್ಲಿ ಒಂದು ಅಧ್ಯಾಯವಿದೆ. ಮೀನು ಹಲಗೆಯಡಿಯ ನೆರಳಿನಲ್ಲಿ, ಕಂಬದ ಮಗ್ಗುಲಲ್ಲಿ ನಿಂತಿರುತ್ತದೆ. ಕೋಲನ್ನು ತಲೆಯ ಮೇಲಿಂದ ತಂದರೆ ಎರೆ ಹಲಗೆಯ ಮೇಲೆ ಬೀಳುತ್ತದೆಯೇ ಹೊರತು ಅಡಿಗೆ ಹೋಗುವುದಿಲ್ಲ. ಅಮೆರಿಕದ ಕೆರೆಗಳಲ್ಲಿ ಬಾಸ್ ಮೀನು ಹಿಡಿಯುವವರು ಇದಕ್ಕೆಂದೇ ಸ್ಕಿಪ್ ಕಾಸ್ಟ್, ಪಿಚಿಂಗ್, ಫ್ಲಿಪಿಂಗ್, ಬೋ ಅಂಡ್ ಆರೋ ಎಂಬ ವರಸೆಗಳನ್ನು ಬೆಳೆಸಿದ್ದಾರೆ. ನಮ್ಮೂರಲ್ಲೂ ರೀಲ್ ಹಿಡಿದವರ ಬಾಯಲ್ಲಿ ಈ ಹೆಸರುಗಳೇ ಇವೆ. ಅವು ಹಾಗೇ ಇರಲಿ ಎಂದರೂ ತಕರಾರಿಲ್ಲ. ಆದರೆ ಹೆಸರು ಇಂಗ್ಲಿಷಿನದ್ದಾದರೂ ವಿವರಣೆಯ ಕ್ರಿಯಾಪದಗಳು ಕನ್ನಡದವೇ ಆಗಬೇಕಲ್ಲ, ತೊಡಕು ಅಲ್ಲಿದೆ.

ಕರಡಿನಲ್ಲಿ ಎಲ್ಲ ಕಡೆಯೂ ‘ಗಾಳ ಎಸೆಯಿರಿ’ ಎಂದಿದೆ. ಓದಿದರೆ ಏನೋ ಸರಿಯಿಲ್ಲ ಅನಿಸುತ್ತದೆ. ‘ಗಾಳ ಹಾಕು’ ಎಂದರೆ ಇಡೀ ಕೆಲಸದ ಹೆಸರಾಯಿತು, ಕೈಯ ಚಲನೆ ಅದರಲ್ಲಿ ಬರುವುದಿಲ್ಲ. ಇನ್ನೊಂದು, ‘ಡಾಕ್’ ಎಂಬುದಕ್ಕೆ ‘ಬಂದರು’ ಎಂದು ಬರೆದು ‘ಬಂದರಿನ ಕೆಳಗೆ ಎರೆ ನುಗ್ಗಿಸಿ’ ಎಂಬ ವಾಕ್ಯವೂ ಬಂದುಬಿಟ್ಟಿದೆ. ಇದು ಹೇಗಾದರೂ ಬದಲಾಗಬೇಕು. ಎರೆ ನೀರಿನ ಮೇಲೆ ಹಾರಿ ಹಾರಿ ಒಳಗೆ ಹೋಗುವ ಸ್ಕಿಪ್ ವರಸೆಗೆ ‘ಲಾಗ’ ಎಂದು ಒಬ್ಬರು ಸೂಚಿಸಿದ್ದಾರೆ. ರೀಲಿನಲ್ಲಿ ನೂಲು ಗೋಜಲಾಗುವ ‘ಬ್ಯಾಕ್‌ಲ್ಯಾಶ್’ಗೂ ಒಂದು ಪದ ಬೇಕು. ಪದದ ಜೊತೆಗೆ ಆ ವರಸೆಯ ಕ್ರಮವನ್ನೂ ಬರೆದರೆ ಪದ ಹೊಂದುತ್ತದೋ ಇಲ್ಲವೋ ನೋಡಲು ಅನುಕೂಲ.

ಉತ್ತರ, ಮಲ್ಪೆಯಿಂದ

ಪ್ರಶ್ನೆ ಕೇಳಿದವರಿಗೆ ನಮಸ್ಕಾರ. ನಿಮಗೆ ಸರಿಯಿಲ್ಲ ಅನಿಸಿದ್ದು ಸರಿಯಾಗಿಯೇ ಇದೆ. ‘ಎಸೆ’ ಬೇಡ, ‘ಬೀಸು’ ಬೇಕು.

ಎಸೆದದ್ದು ಕೈಬಿಟ್ಟು ಹೋಗುತ್ತದೆ. ಕಲ್ಲು, ಚೆಂಡು, ಕಸ ಎಲ್ಲವೂ ಹಾಗೆಯೇ. ಬೀಸಿದ್ದರ ಒಂದು ತುದಿ ಕೈಯಲ್ಲೇ ಉಳಿಯುತ್ತದೆ. ದೊಣ್ಣೆ ಬೀಸುತ್ತೇವೆ, ಬೀಸಣಿಗೆ ಬೀಸುತ್ತೇವೆ, ಬೀಸುವ ಕಲ್ಲಿನ ಗೂಟ ಹಿಡಿದು ಬೀಸುತ್ತೇವೆ. ಕವಣೆಯನ್ನು ಬೀಸಿದಾಗ ಹಾರಿಹೋಗುವುದು ಕಲ್ಲು, ಕವಣೆಯಲ್ಲ. ನಮ್ಮ ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೀಸುಬಲೆ: ಬಲೆ ವೃತ್ತವಾಗಿ ಬಿಚ್ಚಿಕೊಂಡು ನೀರಿಗೆ ಬಿದ್ದರೂ ಅದರ ಹಗ್ಗದ ಕುಣಿಕೆ ಮಣಿಕಟ್ಟಿನಲ್ಲೇ ಇರುತ್ತದೆ. ಗಾಳದ ಕೋಲು, ರೀಲು, ನೂಲು ಇವೂ ಅದೇ ಜಾತಿ. ಇದು ಬರೀ ವ್ಯಾಕರಣದ ಮಾತೂ ಅಲ್ಲ. ‘ಎಸೆ’ ಎಂದು ಹೇಳಿಕೊಟ್ಟರೆ ಕಲಿಯುವವರು ಹೆಗಲು ತೆರೆದು ಬಲ ಹಾಕುತ್ತಾರೆ, ಎರೆ ಹೋದ ಮೇಲೆ ನೂಲನ್ನು ಮರೆತೇಬಿಡುತ್ತಾರೆ. ಧಕ್ಕೆಯ ಬಳಿ ಕೆಲಸ ಮಾಡಬೇಕಾದದ್ದು ಮಣಿಕಟ್ಟು. ಎರೆ ಗಾಳಿಯಲ್ಲಿರುವಷ್ಟು ಹೊತ್ತೂ ಬೆರಳು ನೂಲನ್ನು ತಡೆಯಲು ಸಿದ್ಧವಾಗಿರಬೇಕು. ಕ್ರಿಯಾಪದ ತಪ್ಪಿದರೆ ಕೈಯೂ ತಪ್ಪುತ್ತದೆ.

ಇನ್ನು ‘ಡಾಕ್’. ಬಂದರು ಎಂದರೆ ಇಡೀ ಜಾಗ. ಮಂಗಳೂರಿನಲ್ಲಿ ಅದು ಒಂದು ಪೇಟೆಯ ಹೆಸರೇ ಆಗಿದೆ. ದೋಣಿ ಬಂದು ತಾಗುವ, ಮೀನು ಇಳಿಸುವ ಕಟ್ಟೆಗೆ ನಾವು ಹೇಳುವುದು ಧಕ್ಕೆ. ಇದೇ ಮಾತು ಮರಾಠಿಯಲ್ಲಿ ‘ಧಕ್ಕಾ’. ಮುಂಬಯಿಯ ‘ಭಾವೂಚಾ ಧಕ್ಕಾ’ ಎಂಬ ಹೆಸರಿನಲ್ಲಿರುವುದು ಅದೇ. ಘಟ್ಟದ ಮೇಲಿನ ಓದುಗರಿಗೆ ಧಕ್ಕೆ ಎಂದರೆ ಪೆಟ್ಟು, ಹಾನಿ. ಹಾಗಾಗಿ ಮೊದಲ ಸಲ ಬರುವಲ್ಲಿ ‘ಮೀನುಗಾರಿಕೆ ಧಕ್ಕೆ’ ಎಂದು ಬರೆದುಬಿಡಿ. ಆದರೆ ಧಕ್ಕೆಗೆ ಬಹಳ ಕಡೆ ನೀರಿನವರೆಗೂ ಗೋಡೆಯೇ ಇರುತ್ತದೆ, ಅಡಿಗೆ ನುಗ್ಗಿಸಲು ಎಡೆಯೇ ಇಲ್ಲ. ಅಮೆರಿಕದ ಪುಸ್ತಕಗಳ ಡಾಕ್ ಎಂದರೆ ಕೆರೆದಂಡೆಯ ಮನೆಯ ಹಿಂದೆ ನೀರಿಗೆ ಚಾಚಿದ ಮರದ ಅಟ್ಟಣೆ. ಕಂಬದ ಮೇಲೆ ನಿಂತದ್ದು, ಇಲ್ಲವೇ ತೇಲುವಂಥದ್ದು. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಹೊಳೆಬದಿಯ ಕಂಬದ ಜೆಟ್ಟಿ. ‘ಜೆಟ್ಟಿಯಡಿ’ ಎಂದರೆ ಬೆಂಗ್ರೆಯವರಿಗೂ ಹಂಗಾರಕಟ್ಟೆಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಅಧ್ಯಾಯದಲ್ಲಿ ಹೆಚ್ಚು ಪುಟ ಬೇಡುವುದು ಸ್ಕಿಪ್. ‘ಲಾಗ’ ಹೊಂದುವುದಿಲ್ಲ. ತುಳುವಿನಲ್ಲಿ ‘ಲಾಗುನಿ’ ಎಂದರೆ ಹಾರುವುದು, ಸೂಚಿಸಿದವರ ಮನಸ್ಸಿನಲ್ಲಿ ಅದಿದ್ದಿರಬಹುದು. ಕನ್ನಡದಲ್ಲಿ ಲಾಗ ಹಾಕುವುದೆಂದರೆ ತಲೆಕೆಳಗಾಗಿ ಮಗುಚುವುದು. ಎರೆ ಮಗುಚಿದರೆ ಈ ವರಸೆ ಅಲ್ಲಿಗೇ ಕೆಟ್ಟಿತು. ‘ಪುಟಿ’ ಎಂದರೆ ಚೆಂಡಿನಂತೆ ಮೇಲಕ್ಕೆ ಏಳುವುದು. ಎರೆ ಮೇಲಕ್ಕೆದ್ದರೆ ಹಲಗೆಯ ತಳಕ್ಕೆ ಬಡಿಯುತ್ತದೆ. ನನ್ನ ಸಲಹೆ ‘ತಟ್ಟುಬೀಸು’. ರೊಟ್ಟಿ ತಟ್ಟುವಾಗಿನ ತಟ್ಟು: ಚಪ್ಪಟೆಯಾಗಿ, ಹಗುರವಾಗಿ, ಬೇಗ.

ಕ್ರಮ ಹೀಗೆ. ಆರೂವರೆಯಿಂದ ಏಳು ಅಡಿಯ ಕೋಲು, ಕಲಿಯುವವರಿಗೆ ಸ್ಪಿನ್ನಿಂಗ್ ರೀಲ್. 15ರಿಂದ 20 ಪೌಂಡ್ ಭಾರ ತಾಳುವ ಹೆಣೆದ ನೂಲು, ಅದರ ತುದಿಗೆ 30 ಪೌಂಡ್ ತಾಳುವ ಫ್ಲೋರೋಕಾರ್ಬನ್ ನೂಲು ಒಂದೂವರೆ ಮೀಟರಿನಷ್ಟು. ಈ ಕೊನೆಯದನ್ನು ಬಿಡಬಾರದು. ನಮ್ಮ ಕಂಬಗಳಿಗೆ ಪಚ್ಚಿಲೆಯೂ ಇತರ ಚಿಪ್ಪುಗಳೂ ಹತ್ತಿರುತ್ತವೆ, ಹೆಣೆದ ನೂಲು ಬಿಗಿಯಾಗಿ ಒಮ್ಮೆ ಉಜ್ಜಿದರೆ ಸಾಕು, ಹರಿಯುತ್ತದೆ. ಎರೆ ಚಪ್ಪಟೆ ಹೊಟ್ಟೆಯ ಮೆತ್ತನೆ ಪ್ಲಾಸ್ಟಿಕ್, 7ರಿಂದ 10 ಗ್ರಾಂ, ಕೊಕ್ಕೆಯ ಮೊನೆ ಅದರ ಮೈಯೊಳಗೇ ಹುದುಗಿರಬೇಕು. ತಲೆಗೆ ಸೀಸ ಹೆಚ್ಚಾದರೆ ಮೂತಿ ನೀರಿಗೆ ನೆಟ್ಟು ನಿಂತುಬಿಡುತ್ತದೆ.

ಕೋಲಿನ ತುದಿಯಿಂದ ಎರೆ ಒಂದು ಗೇಣಿಗಿಂತ ಹೆಚ್ಚು ಜೋತಾಡಬಾರದು. ಜೋತಾಡಿದರೆ ಬೀಸಿನ ವೃತ್ತ ದೊಡ್ಡದಾಗಿ ಎರೆ ಪಕ್ಕದ ಕಂಬಕ್ಕೆ ಸುತ್ತುತ್ತದೆ. ತೋರುಬೆರಳಲ್ಲಿ ನೂಲು ಹಿಡಿದು, ರೀಲಿನಲ್ಲಿ ನೂಲನ್ನು ತಡೆಯುವ ತಂತಿ ತೆರೆದು, ಕೋಲನ್ನು ಸೊಂಟದ ಮಟ್ಟಕ್ಕಿಂತ ಕೆಳಗೆ, ನೀರಿಗೆ ಸಮಾಂತರವಾಗಿ ಪಕ್ಕದಿಂದ ಬೀಸಬೇಕು. ಮೊದಲರ್ಧ ನಿಧಾನ, ಕೊನೆಯಲ್ಲಿ ಮಣಿಕಟ್ಟಿನ ಒಂದು ಚಿಮ್ಮು. ತುದಿ ಗುರಿಗೆ ನೇರವಾಗುವ ಹೊತ್ತಿಗೆ ಬೆರಳು ಬಿಡಬೇಕು. ಎರೆ ಮೊದಲು ನೀರಿಗೆ ತಟ್ಟಬೇಕಾದದ್ದು ಹಲಗೆಯ ಅಂಚಿಗಿಂತ ಒಂದೆರಡು ಮೀಟರು ಈಚೆಗೆ. ಇನ್ನೂ ಈಚೆಗೆ ತಟ್ಟಿದರೆ ಅಂಚು ಮುಟ್ಟುವಷ್ಟರಲ್ಲಿ ವೇಗ ಸತ್ತಿರುತ್ತದೆ. ಮೇಲಿನಿಂದ ಓರೆಯಾಗಿ ಬಿದ್ದರೆ ಒಂದೋ ಮುಳುಗುತ್ತದೆ, ಇಲ್ಲವೇ ಎತ್ತರಕ್ಕೆ ಸಿಡಿಯುತ್ತದೆ. ಬೆರಳು ಬೇಗ ಬಿಟ್ಟರೆ ಎರೆ ಗುರಿಯಿಂದ ಕೋಲು ಹೊರಟ ಬದಿಗೆ, ತಡವಾದರೆ ಅದರ ಎದುರು ಬದಿಗೆ ಹೋಗುತ್ತದೆ. ತಪ್ಪು ಯಾವ ಬದಿಯಲ್ಲಿದೆ ನೋಡಿದರೆ ಬೆರಳಿನ ತಪ್ಪೂ ತಿಳಿಯುತ್ತದೆ. ಎರೆ ನಿಂತ ಕೂಡಲೇ ತಂತಿಯನ್ನು ಕೈಯಿಂದಲೇ ಮುಚ್ಚಿ, ಸಡಿಲ ನೂಲನ್ನು ಎಳೆದುಕೊಂಡು ಆಮೇಲೆ ಹಿಡಿಕೆ ತಿರುಗಿಸಬೇಕು.

ಎತ್ತರದ ಧಕ್ಕೆಯ ಮೇಲೆ ನಿಂತು ಈ ಬೀಸು ಸಾಧ್ಯವಿಲ್ಲ. ಮೇಲಿಂದ ಕೆಳಕ್ಕೆ ಬೀಸಿದರೆ ಕೋನವೇ ತಪ್ಪುತ್ತದೆ. ದೋಣಿಯಲ್ಲಿ ಕೂತೋ ನೀರಿನ ಮಟ್ಟದ ಮೆಟ್ಟಿಲಲ್ಲಿ ನಿಂತೋ ಮಾಡಬೇಕು. ಹೊತ್ತೂ ಮುಖ್ಯ. ನಮ್ಮಲ್ಲಿ ಬೆಳಿಗ್ಗೆ ನೀರು ಸಪಾಟಾಗಿರುತ್ತದೆ, ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದರೆ ಸಣ್ಣ ಅಲೆಗೂ ಎರೆ ಮುಗ್ಗರಿಸುತ್ತದೆ. ಉಬ್ಬರ ಏರಿದಂತೆ ಹಲಗೆಗೂ ನೀರಿಗೂ ನಡುವಿನ ಎಡೆ ಕಿರಿದಾಗುತ್ತದೆ. ಕಲಿಯುವವರು ಇಳಿತದಲ್ಲಿ ಶುರುಮಾಡಲಿ.

ಪಿಚಿಂಗಿಗೆ ‘ತೂಗುಬೀಸು’. ತೂಗುತೊಟ್ಟಿಲಿನ ತೂಗು. ಎರೆ ರೀಲಿನ ಮಟ್ಟಕ್ಕೆ ಬರುವಷ್ಟು ನೂಲು ಬಿಟ್ಟು, ಅದನ್ನು ಇನ್ನೊಂದು ಕೈಯಲ್ಲಿ ಹಿಡಿದು, ಕೋಲಿನ ತುದಿ ತಗ್ಗಿಸಿ, ತುದಿಯನ್ನು ಮೃದುವಾಗಿ ಎತ್ತುತ್ತಾ ಎರೆಯನ್ನು ಸುಮ್ಮನೆ ಬಿಟ್ಟುಬಿಡುವುದು. ಅದು ತೊಟ್ಟಿಲಿನಂತೆ ತೂಗಿ, ನೀರಿಗೆ ತೀರ ಹತ್ತಿರದಲ್ಲಿ ಸಾಗಿ, ಸದ್ದಿಲ್ಲದೆ ಇಳಿಯುತ್ತದೆ. ಐದರಿಂದ ಹತ್ತು ಮೀಟರಿಗೆ ಇದೇ ಸೂಕ್ತ. ಎರೆ ಹಿಡಿದ ಕೈಯಿಂದ ಅದನ್ನು ತಳ್ಳುವುದು ಎಲ್ಲರೂ ಮಾಡುವ ತಪ್ಪು. ಫ್ಲಿಪಿಂಗಿನಲ್ಲಿ ರೀಲ್ ತಿರುಗುವುದೇ ಇಲ್ಲ. ರೀಲಿಗೂ ಕೋಲಿನ ಮೊದಲ ಉಂಗುರಕ್ಕೂ ನಡುವಿನ ನೂಲನ್ನು ಎಡಗೈಯಲ್ಲಿ ಎಳೆದು ಹಿಡಿದು, ತೂಗಿದಾಗ ಅಷ್ಟನ್ನೇ ಬಿಡುವುದು. ಇದನ್ನು 1970ರ ದಶಕದಲ್ಲಿ ಪ್ರಚಾರಕ್ಕೆ ತಂದವರು ಕ್ಯಾಲಿಫೋರ್ನಿಯಾದ ಡೀ ಥಾಮಸ್. ಉದ್ದ ಕೋಲಿಗೆ ಮೋಟು ನೂಲು ಕಟ್ಟಿ ಜೊಂಡಿನೊಳಗೆ ಇಳಿಸುವ ಪದ್ಧತಿಯಿಂದ ಅದು ಬೆಳೆಯಿತು. ನಮ್ಮ ಬಿದಿರಿನ ಕೋಲಿನ ಗಾಳವೂ ಅಳತೆಯ ನೂಲಿನದ್ದೇ. ಹಾಗಾಗಿ ‘ಅಳತೆ ತೂಗು’ ಎಂದರೆ ನಮ್ಮವರಿಗೆ ಹೊಸದೆನಿಸದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದಾಗ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿರುತ್ತವಲ್ಲ, ಆ ಹಗ್ಗಗಳ ನಡುವೆ ಬೇರೆ ಯಾವ ಬೀಸೂ ನಡೆಯದು.

ಬೋ ಅಂಡ್ ಆರೋಗೆ ‘ಬೀಸು’ ಸೇರಿಸಬೇಡಿ, ಅಲ್ಲಿ ಬೀಸುವಿಕೆಯೇ ಇಲ್ಲ. ‘ಬಿಲ್ಲೆಳೆತ’ ಎನ್ನಿ: ಕೋಲೇ ಬಿಲ್ಲು, ನೂಲೇ ಹೆದೆ. ಹಿಂದಕ್ಕೆ ಕೈ ಒಯ್ಯಲು ಜಾಗವಿಲ್ಲದ ಕಡೆ, ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಎಡೆಗೆ ಎರೆ ಕಳಿಸುವಾಗ ಇದು ಬೇಕು. ಒಂಟಿ ಕೊಕ್ಕೆಯಾದರೆ ಅದರ ಬಾಗನ್ನು ಹಿಂದಿನಿಂದ, ಮೊನೆ ಬೆರಳಿಗೆ ತಾಗದಂತೆ ಚಿವುಟಿ ಹಿಡಿಯಬೇಕು. ಮೂರು ಮೊನೆಯ ಕೊಕ್ಕೆ ಈ ವರಸೆಗೆ ಬೇಡವೇ ಬೇಡ. ಮೊದಲು ಎರೆ ಬಿಡಬೇಕು, ಕ್ಷಣದ ನಂತರ ನೂಲಿನ ಬೆರಳು. ಎರಡನ್ನೂ ಒಟ್ಟಿಗೆ ಬಿಟ್ಟರೂ ಬೆರಳನ್ನು ಮೊದಲು ಬಿಟ್ಟರೂ ಕೋಲಿನ ಬಿಗಿ ಕಳೆದು ಎರೆ ಅಲ್ಲೇ ಜೋತುಬೀಳುತ್ತದೆ. ಈ ಒಂದು ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.

ಬ್ಯಾಕ್‌ಲ್ಯಾಶ್‌ಗೆ ‘ಸಿಕ್ಕು’ ಸಾಕು, ಹೊಸ ಪದ ಕಟ್ಟಬೇಕಾಗಿಲ್ಲ. ಆದರೆ ಸಿಕ್ಕನ್ನೂ ಹುರಿಯನ್ನೂ ಬೆರೆಸಬೇಡಿ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ನೂಲು ಸುತ್ತಿದ ಉರುಳೆಯೇ ತಿರುಗಿ ನೂಲು ಬಿಡುತ್ತದೆ. ಎರೆ ನೀರಿಗೆ ತಟ್ಟಿದಾಗಲೆಲ್ಲ ಅದರ ವೇಗ ತಗ್ಗುತ್ತದೆ, ಉರುಳೆ ಮಾತ್ರ ಮೊದಲಿನಂತೆಯೇ ತಿರುಗುತ್ತದೆ, ಹೊರಬಿದ್ದ ನೂಲಿಗೆ ಹೋಗಲು ದಾರಿಯಿಲ್ಲದೆ ಸಿಕ್ಕಾಗುತ್ತದೆ. ಪ್ರತಿ ತಟ್ಟಿಗೂ ಹೆಬ್ಬೆರಳು ಉರುಳೆಯನ್ನು ಸವರಬೇಕು. ಸ್ಪಿನ್ನಿಂಗ್ ರೀಲಿನದ್ದು ಬೇರೆ ರೋಗ, ನೂಲೇ ತಿರುಚಿಕೊಳ್ಳುವುದು. ಅದಕ್ಕೆ ‘ಹುರಿ ಬೀಳು’ ಎನ್ನಬೇಕು. ಸಿಕ್ಕನ್ನು ಬಿಡಿಸಬೇಕು. ಹುರಿಯನ್ನು ಬಿಚ್ಚಲು ಎರೆ ತೆಗೆದು, ಬರಿಯ ನೂಲನ್ನು ಹರಿವ ನೀರಿಗೆ ಬಿಟ್ಟು ಸುತ್ತಿಕೊಂಡರೆ ಸಾಕು.

ಮರುಮಾತು, ಮಂಗಳೂರಿನಿಂದ

ಬೀಸು, ತೂಗುಬೀಸು, ಬಿಲ್ಲೆಳೆತ, ಸಿಕ್ಕು, ಹುರಿ ಎಲ್ಲವನ್ನೂ ಹಾಗೇ ತೆಗೆದುಕೊಂಡಾಯಿತು. ‘ತಟ್ಟುಬೀಸು’ ಬಗ್ಗೆ ಒಂದು ಮಾತು ಉಳಿದಿದೆ. ಚಪ್ಪಟೆ ಕಲ್ಲನ್ನು ಹೊಳೆಯ ಮೇಲೆ ಹಾರಿಸುವ ಮಕ್ಕಳು ಕಲ್ಲು ಕುಪ್ಪಳಿಸಿತು ಎನ್ನುತ್ತಾರೆ; ‘ಕುಪ್ಪಳಿಸು’ ಎಂದರೆ ಓದುಗರ ಕಣ್ಣಮುಂದೆ ಚಿತ್ರ ಕೂಡಲೇ ಬರುತ್ತದೆ. ಅದನ್ನು ಪೂರ್ತಿ ಬಿಡಬೇಕೆ?

ಮರು ಉತ್ತರ, ಮಲ್ಪೆಯಿಂದ

ಬಿಡಬೇಕಾಗಿಲ್ಲ, ಕರ್ತೃ ಬೇರೆ ಮಾಡಿದರೆ ಆಯಿತು. ತಟ್ಟುವುದು ನಾವು, ಕುಪ್ಪಳಿಸುವುದು ಎರೆ. ‘ಕುಪ್ಪಳಿಸುವಂತೆ ಬೀಸಿ’ ಎಂದು ಕೈಗೆ ಹೇಳಿದರೆ ಕೈ ಎತ್ತರ ಹುಡುಕುತ್ತದೆ. ‘ತಟ್ಟಿ ಬೀಸಿ, ಎರೆ ಮೂರು ನಾಲ್ಕು ಸಲ ಕುಪ್ಪಳಿಸಿ ಒಳಗೆ ಹೋಗಬೇಕು’ ಎಂದರೆ ಕ್ರಮವೂ ಬಂತು, ಗುರುತೂ ಬಂತು. ಒಂದೇ ಸಲ ಕುಪ್ಪಳಿಸಿ ನಿಂತರೆ ಕೋನ ತಪ್ಪಿದೆ ಎಂದೂ ಅಲ್ಲೇ ಸೇರಿಸಿ.

ಮೀನು ಕಚ್ಚಿದ ಮೇಲಿನ ಮಾತು ನಿಮ್ಮ ಪ್ರಶ್ನೆಯಲ್ಲಿಲ್ಲ, ಆದರೂ ಒಂದು ಸಾಲು ಇರಲಿ. ಕೆಂಬೇರಿಯಂಥ ಮೀನು ಕಚ್ಚಿದ ಕೂಡಲೇ ಕಂಬದ ಕಡೆಗೇ ತಿರುಗುತ್ತದೆ. ಮೀನು ಎಳೆದಾಗ ನೂಲು ಹೋಗದಂತೆ ತಡೆಯುವ ರೀಲಿನ ಡ್ರ್ಯಾಗ್ ಅನ್ನು ಮೊದಲೇ ಬಿಗಿ ಮಾಡಿಟ್ಟು, ಕೋಲನ್ನು ಎತ್ತದೆ ಪಕ್ಕಕ್ಕೆ ಎಳೆದು, ಮೊದಲ ಎರಡು ಮೀಟರು ನೂಲು ಕೊಡದೆ ಹೊರಗೆ ತರಬೇಕು. ಅದಕ್ಕೆ ಪದ ಹುಡುಕಬೇಕಾಗಿಲ್ಲ, ‘ಸೆಳೆ’ ಇದೆ.