ಬಾಣಂತನದಲ್ಲಿ ಉದುರುವ ಕೂದಲು: ಮನೆಮದ್ದಿನಿಂದ ಮರಳಿ ಬೆಳೆದೀತೇ?

ತುಂಗಾತೀರ
ನನಗೆ ಹೆರಿಗೆಯಾಗಿ ನಾಲ್ಕು ತಿಂಗಳಾಗಿದ್ದು, ಈಚೆಗೆ ತಲೆ ಬಾಚಿದಾಗಲೆಲ್ಲ ಕೂದಲು ಹಿಡಿಹಿಡಿಯಾಗಿ ಬರುತ್ತಿದೆ. ಅತ್ತೆಯವರು ಶಿರಸಿಯಿಂದ ಗರುಗದ ಸೊಪ್ಪು, ಕರಿಬೇವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಕಳುಹಿಸಿದ್ದಾರೆ. ಗೆಳತಿಯರು ಈರುಳ್ಳಿ ರಸ ಹಚ್ಚಿಕೊಳ್ಳಲು, ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತೆಗೆದುಕೊಳ್ಳಲು ಹೇಳುತ್ತಾರೆ. ಮಗುವಿಗೆ ಎದೆಹಾಲು ಕುಡಿಸುತ್ತಿರುವುದರಿಂದ ಸಾಧ್ಯವಾದಷ್ಟು ಸಹಜ ಕ್ರಮಗಳನ್ನೇ ಅನುಸರಿಸುವ ಇಚ್ಛೆ ನನ್ನದು. ಇವುಗಳಲ್ಲಿ ಯಾವುದರಿಂದ ನಿಜವಾದ ಪ್ರಯೋಜನವಿದೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಚರ್ಮವೈದ್ಯೆ_ಮೈಸೂರು
ಮೊದಲು ಧೈರ್ಯದಿಂದಿರಿ. ಗರ್ಭಿಣಿಯಾಗಿದ್ದಾಗ ಏರಿದ್ದ ಈಸ್ಟ್ರೋಜನ್ ಹಾರ್ಮೋನು ಹೆಚ್ಚಿನ ಕೂದಲನ್ನು ಬೆಳವಣಿಗೆಯ ಹಂತದಲ್ಲೇ ಉಳಿಸಿರುತ್ತದೆ. ಹೆರಿಗೆಯ ಬಳಿಕ ಅದು ಒಮ್ಮೆಲೇ ಇಳಿದು, ಬಹಳಷ್ಟು ಕೂದಲು ಒಟ್ಟಿಗೆ ವಿಶ್ರಾಂತಿಯ ಹಂತಕ್ಕೆ ಹೋಗಿ, ಎರಡರಿಂದ ನಾಲ್ಕು ತಿಂಗಳ ನಂತರ ಉದುರತೊಡಗುತ್ತದೆ. ಬೇರಿಗೆ ಹಾನಿಯಾಗಿರುವುದಿಲ್ಲವಾದ್ದರಿಂದ ಹೆಚ್ಚಿನವರಿಗೆ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಕೂದಲು ಮೊದಲಿನ ದಟ್ಟಣೆಗೆ ಬರುತ್ತದೆ. ಆದರೆ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟೇ ಬೆಳೆಯುವುದರಿಂದ ಯಾವ ಎಣ್ಣೆಯ ಗುಣವನ್ನೂ ಎರಡು ವಾರಗಳಲ್ಲಿ ಅಳೆಯಲಾಗದು.

ನನ್ನ ದೃಷ್ಟಿಯಲ್ಲಿ ಎಣ್ಣೆಗಿಂತ ಮುಖ್ಯವಾದದ್ದು ಊಟ. ಬಾಣಂತಿಗೆ ಪಥ್ಯವೆಂದು ಸೊಪ್ಪು, ತರಕಾರಿ, ಬೇಳೆಗಳನ್ನು ಬಿಡಿಸಿ ಬರಿಯ ಅನ್ನ, ಸಾರು ಬಡಿಸುವ ಮನೆಗಳು ಇಂದಿಗೂ ಇವೆ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ದೇಹಕ್ಕೆ ಕಬ್ಬಿಣಾಂಶ ಮತ್ತು ಪ್ರೋಟೀನು ಅತ್ಯಗತ್ಯವಾಗಿ ಬೇಕಾದ ಕಾಲವೇ ಅದು. ಹೆಸರುಕಾಳು, ನುಗ್ಗೆಸೊಪ್ಪು, ಹುರುಳಿ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಊಟದಲ್ಲಿರಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಕಡಿಮೆಯಾಗುತ್ತದೆ.

ಮಲೆನಾಡ_ಅಜ್ಜಿ
ಮಗಳೇ, ಅತ್ತೆಯವರ ಎಣ್ಣೆಯನ್ನು ಖಂಡಿತ ಹಚ್ಚಿಕೋ, ಆದರೆ ಅದರಿಂದ ಹೊಸ ಕೂದಲು ಹುಟ್ಟುತ್ತದೆಂದು ನಿರೀಕ್ಷಿಸಬೇಡ. ಕೊಬ್ಬರಿ ಎಣ್ಣೆ ಎಳೆಯೊಳಗೆ ಇಳಿದು, ತೊಳೆಯುವಾಗ ಅದು ಸವೆದು ತುಂಡಾಗುವುದನ್ನು ತಡೆಯುತ್ತದೆ; ಇರುವ ಕೂದಲು ಉಳಿದರೆ ಅದೇ ದೊಡ್ಡದು. ತಲೆಗೆ ಸ್ನಾನ ಮಾಡುವ ಒಂದೆರಡು ಗಂಟೆ ಮೊದಲು ಉಗುರುಬೆಚ್ಚಗೆ ಮಾಡಿ ಹಚ್ಚಿ, ದಾಸವಾಳದ ಎಲೆಯ ಲೋಳೆಯಿಂದಲೋ ಹದವಾಗಿ ಕದಡಿದ ಸೀಗೆಪುಡಿಯಿಂದಲೋ ತೊಳೆದುಕೋ. ಸೀಗೆ ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಜೋಪಾನ. ಒದ್ದೆ ಕೂದಲನ್ನು ಬಾಚಬೇಡ, ಬಿಗಿಯಾಗಿ ಜಡೆಯನ್ನೂ ಹೆಣೆಯಬೇಡ.

ತುಂಗಾತೀರ
ಇಬ್ಬರಿಗೂ ಕೃತಜ್ಞತೆಗಳು. ನಮ್ಮ ಮನೆಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಇದೂ ಕಾರಣವಿರಬಹುದೇ? ಈರುಳ್ಳಿ ರಸ ಮತ್ತು ಮಾತ್ರೆಯ ವಿಷಯವನ್ನೂ ತಿಳಿಸುವಿರಾ?

ಚರ್ಮವೈದ್ಯೆ_ಮೈಸೂರು
ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಕೂದಲನ್ನು ಒರಟಾಗಿಸುತ್ತವೆಯೇ ಹೊರತು ಬೇರುಸಹಿತ ಉದುರುವಿಕೆಗೆ ಅದು ಕಾರಣವಲ್ಲ. ಕೊನೆಯಲ್ಲಿ ಒಂದು ಚೊಂಬು ಮಳೆನೀರನ್ನೋ ಶುದ್ಧೀಕರಿಸಿದ ನೀರನ್ನೋ ಸುರಿದುಕೊಂಡರೆ ಒರಟುತನ ಕಡಿಮೆಯಾದೀತು. ಈರುಳ್ಳಿ ರಸ ಹಲವರಿಗೆ ಉರಿ, ತುರಿಕೆ ತರುವುದರಿಂದ ನಾನು ಅದನ್ನು ಸೂಚಿಸುವುದಿಲ್ಲ.

ಬಯೋಟಿನ್ ಕೊರತೆ ಅಪರೂಪ. ಕೊರತೆಯಿಲ್ಲದವರಿಗೆ ಆ ಮಾತ್ರೆಯಿಂದ ಕೂದಲು ಹೆಚ್ಚಾಗುತ್ತದೆಂಬುದಕ್ಕೆ ಬಲವಾದ ಆಧಾರವಿಲ್ಲ. ವರ್ಷ ಕಳೆದರೂ ಉದುರುವುದು ನಿಲ್ಲದಿದ್ದರೆ, ಬೈತಲೆ ಅಗಲವಾಗುತ್ತ ಹೋದರೆ, ಅಥವಾ ವಿಪರೀತ ಸುಸ್ತು, ಎದೆಬಡಿತ ಕಾಣಿಸಿಕೊಂಡರೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ತೋರಿಸುವ ಪರೀಕ್ಷೆ) ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅಷ್ಟರಲ್ಲಿ ಬಯೋಟಿನ್ ತೆಗೆದುಕೊಂಡಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ, ಏಕೆಂದರೆ ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು.