ಗದ್ದಲ ಇಲ್ಲದ ಸಮುದ್ರದಂಡಿ ರೂಮು ಬೇಕು, ಡೈವಿಂಗೂ ಆಗಬೇಕು. ಮಹಾರಾಷ್ಟ್ರದ ತಾರಕರ್ಲಿನೋ ನಮ್ಮ ಮುರ್ಡೇಶ್ವರೋ?

ಹಿನ್ನೀರದಂಡಿ (ಬಾಗಲಕೋಟಿ ನವನಗರ)

ನಮಸ್ಕಾರ್ರೀ ಎಲ್ಲಾರಿಗೂ. ದೀಪಾವಳಿ ಮುಗದ ಮ್ಯಾಲ ನವೆಂಬರ್‌ದಾಗ ನಾಕ ದಿನ ರಜಾ ಹಾಕಿ ಮನಿ ಮಂದಿ ಎಲ್ಲಾ ಸಮುದ್ರಕ್ಕ ಹೋಗಬೇಕಂತ ಮಾಡೇವಿ. ನಾನು, ಮನಿಯವ್ರು, ಮಗಳು 14 ವರ್ಷ, ಮಗ 8 ವರ್ಷ, ಮತ್ತ ನಮ್ಮವ್ವ. ಮಗಳು ಸ್ಕೂಬಾ ಡೈವಿಂಗ್ ಮಾಡ್ತೀನಂತ ಎರಡ ವರ್ಷದಿಂದ ಗಂಟು ಬಿದ್ದಾಳ, ಈಜೂ ಕಲ್ತಾಳ, ಈ ಸಲ ಮಾತು ಕೊಟ್ಟೀನಿ.

ನಮಗ ದೊಡ್ಡ ರೆಸಾರ್ಟ್ ಬ್ಯಾಡ್ರೀ. ಸ್ವಿಮ್ಮಿಂಗ್ ಪೂಲ್, ಡಿಜೆ ಏನೂ ಬ್ಯಾಡ. ಬಾಗಲಾ ತಗದ್ರ ಉಸುಕು, ಮುಂದ ಸಮುದ್ರ, ರಾತ್ರಿ ತೆರಿ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳ ಇರಬಾರದು, ಅಷ್ಟ. ಎರಡು ರೂಮು ಕೂಡಿ ದಿನಕ್ಕ 4000 ದಾಟಬಾರದು ಅಂತ ಲೆಕ್ಕ ಹಾಕೀನಿ.

ಇನ್ನೊಂದು ಅವ್ವನ ವಿಷಯ. ಆಕಿ ತವರಮನಿ ಆಲಮಟ್ಟಿ ಹಿನ್ನೀರಾಗ ಹೋಗೇತಿ, ಮೊಮ್ಮಗಳು ನೀರಾಗ ಮುಳುಗತಾಳ ಅಂದ ಕೂಡ್ಲೆ ಆಕಿ ಮಾತs ನಿಲ್ಲಿಸಿಬಿಡ್ತಾಳ. ಆದ್ರ ಸಮುದ್ರ ಒಮ್ಮೆ ನೋಡಬೇಕಂತ ತಾನಾಗೇ ಕೇಳ್ಯಾಳ, ಎಪ್ಪತ್ತ ವರ್ಷದಾಗ ಆಕಿ ನಮ್ಮನ್ನ ಏನರ ಕೇಳಿದ್ದು ನಂಗ ನೆನಪಿಲ್ಲ. ಮೀನಿನ ವಾಸನಿ ಬಂದ್ರ ಊಟ ಸೇರೂದಿಲ್ಲ ಆಕಿಗೆ.

ಈಗ ಹಾಕಿರೋ ಪ್ಲಾನ್: ಮೂರನೇ ದಿನ ಮುಂಜಾನಿ ಡೈವ್ ಮುಗಿಸಿ, ಊಟ ಮಾಡಿ ಹೊಂಟು, ರಾತ್ರಿ ಬೆಳಗಾವ್ಯಾಗ ಅಕ್ಕನ ಮನ್ಯಾಗ ಉಳದು, ಮರುದಿನ ಊರಿಗೆ. ಹೋಗಿ ಬಂದವ್ರು ಹೇಳ್ರಿ.

ಟಿಳಕವಾಡಿ ಅಕ್ಕ (ಬೆಳಗಾವಿ)

ಅಣ್ಣಾರ, ತಾರಕರ್ಲಿಗೇ ಹೋಗ್ರಿ, ಆದ್ರ ತಾರಕರ್ಲಿ ಮೇನ್ ಬೀಚ್ ಹತ್ರ ಉಳಕೋಬ್ಯಾಡ್ರಿ, ಇನ್ನೂ ಮುಂದ ದೇವಬಾಗಕ್ಕ ಹೋಗ್ರಿ. ಅಲ್ಲಿ ಭೂಮಿ ಒಂದು ಪಟ್ಟಿ ಇದ್ದಂಗ ಐತಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕರ್ಲಿ ನದಿ, ತುದಿಗೆ ಎರಡೂ ಕೂಡ್ತಾವ. ಅಲ್ಲಿ ಊರಿನವರs ತಮ್ಮ ತೆಂಗಿನ ತೋಟದಾಗ ನಾಕ ಐದ ಕಾಟೇಜ್ ಕಟ್ಟಿ ಬಾಡಿಗಿ ಕೊಡ್ತಾರ. ಎಸಿ ಇಲ್ಲದ್ದು ಕೇಳ್ರಿ, ನವೆಂಬರ್‌ದಾಗ ಫ್ಯಾನ್ ಸಾಕು. ಹೋದ ವರ್ಷ ನಾವು ಒಂದು ರೂಮಿಗೆ 1800 ಕೊಟ್ಟಿದ್ವಿ, ಶನಿವಾರ ರವಿವಾರ ಮತ್ತ ಡಿಸೆಂಬರ್ ಕಡೀ ವಾರ ಬಿಟ್ಟು ಹೋದ್ರ ಮಾತಾಡಿ ಇನ್ನೂ ಇಳಸಬಹುದು. ಮರಾಠಿ ಬಂದ್ರ ಭಾಳ ಅನುಕೂಲ. ನಿಮ್ಮ ಅಕ್ಕಾರಿಗೆ ಬರ್ತಿದ್ರ ಅವರ ಕಡಿಂದs ಫೋನ್ ಮಾಡಸ್ರಿ.

ಊಟದ್ದು ಚಿಂತಿ ಮಾಡಬ್ಯಾಡ್ರಿ, ಮುಂಚಿತ ಹೇಳಿದ್ರ ಕಾಳಿನ ಉಸಳ, ಚಪಾತಿ, ಅಕ್ಕಿ ದೋಸಿಯಂಥ ಘಾವನ, ಕೋಕಂ ತೆಂಗಿನ ಹಾಲಿನ ಸೋಲಕಡಿ ಮಾಡಿ ಕೊಡ್ತಾರ. ಆದ್ರ ಅಡಗಿಮನಿ ಒಂದs ಇರ್ತೈತಿ, ಬಾಂಗಡಾ ಮೀನು ಕರಿಯೋ ವಾಸನಿ ಅಂಗಳಕ್ಕ ಬಂದs ಬರ್ತೈತಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇಟ್ಕೊಂಡು ಅವ್ವಾರಿಗೆ ರೂಮಿನ ಮುಂದ ಕಟ್ಟಿ ಮ್ಯಾಲ ಊಟಕ್ಕ ಕೂಡಸ್ರಿ, ಗಾಳಿ ಸಮುದ್ರದ ಕಡಿಂದ ಬೀಸ್ತೈತಿ, ವಾಸನಿ ಹಿಂದಕ್ಕ ಹೋಗ್ತೈತಿ. ನಮ್ಮತ್ತೀಗೆ ಹಂಗs ಮಾಡಿದ್ವಿ.

ಅವ್ವಾರನ್ನ ಹತ್ರದ ಮಾಲವಣ ಊರಿಂದ ಬೋಟಿನ್ಯಾಗ ಸಿಂಧುದುರ್ಗ ಕಿಲ್ಲಾಕ್ಕ ಕರಕೊಂಡು ಹೋಗ್ರಿ. ಶಿವಾಜಿ ಮಹಾರಾಜ್ರು 1664ರಾಗ ಕಟ್ಟಸಾಕ ಸುರು ಮಾಡಿದ್ದು. ಸುತ್ತಲೂ ಉಪ್ಪು ನೀರು, ಒಳಗ ಮೂರು ಸಿಹಿ ನೀರಿನ ಬಾವಿ, ಹೆಸರು ಹಾಲು ಬಾವಿ, ಮೊಸರು ಬಾವಿ, ಸಕ್ಕರಿ ಬಾವಿ ಅಂತ. ನಮ್ಮತ್ತಿ ಆ ಬಾವಿ ಕಟ್ಟಿ ಮ್ಯಾಲ ಕುಂತು ಏಳವಲ್ರು.

ಈಗ ಮುಖ್ಯ ಮಾತು. ನಿಮ್ಮ ಪ್ಲಾನ್‌ದಾಗ ಮೂರನೇ ದಿನದ್ದು ಬದಲಿ ಮಾಡ್ರಿ. ಡೈವ್ ಮಾಡಿದ ದಿನ ಬೆಳಗಾವಿ ದಾರ್ಯಾಗಿನ ಆಂಬೋಲಿ ಘಾಟ ಹತ್ತಬ್ಯಾಡ್ರಿ. ನಾವು ಮೊದಲನೇ ಸಲ ಹಂಗs ಮಾಡಿದ್ವಿ, ಎರಡು ಡೈವ್ ಹೊಡದು ಸಂಜಿಕೆ ಬೆಳಗಾವಿ. ನನಗ ರಾತ್ರಿಯೆಲ್ಲಾ ಭುಜ ಹಿಡಕೊಂಡಿತ್ತು, ಕೈಯಾಗ ಜುಮು ಜುಮು, ಮರುದಿನ ಡಾಕ್ಟರ್ ಹೇಳಿದ ಮ್ಯಾಲ ತಿಳೀತು ಹಂಗ ಹತ್ತಬಾರದಿತ್ತು ಅಂತ. ಡೈವ್ ಮಾಡಿಸಿದವ್ರು ಒಂದು ಮಾತು ಹೇಳಿರಲಿಲ್ಲ, ಎಲ್ಲಿಂದ ಬಂದೀರಿ ಅಂತನೂ ಕೇಳಿರಲಿಲ್ಲ. ಆ ಸಿಟ್ಟು ನನಗಿನ್ನೂ ಐತಿ.

ಗುಮ್ಮಟದ ನೆರಳು (ವಿಜಯಪುರ)

ನಾ ಮುರ್ಡೇಶ್ವರ ಅಂತೀನ್ರಿ. ಅವ್ವಾರು ಬರಾಕತ್ಯಾರಲ್ಲ, ಅವರಿಗೆ ದೇವಸ್ಥಾನ ಆಗ್ತದ, 123 ಅಡಿ ಶಿವನ ಮೂರ್ತಿ, ಗೋಪುರದಾಗ ಲಿಫ್ಟ್ ಐತಿ, ಮ್ಯಾಲಿಂದ ಸಮುದ್ರ ನೋಡ್ಕೋತ ನಿಲ್ಲಬಹುದು, ಕನ್ನಡದಾಗ ಮಾತಾಡ್ಸಬಹುದು, ಸಸ್ಯಾಹಾರಿ ಊಟಕ್ಕ ಹುಡುಕೋದs ಬ್ಯಾಡ. ಡೈವಿಂಗ್ ನೇತ್ರಾಣಿ ದ್ವೀಪದಾಗ, ದಂಡಿಯಿಂದ ಸುಮಾರು 19 ಕಿಮೀ ಒಳಗ, ಬೋಟಿನ್ಯಾಗ ಒಂದೂವರಿ ತಾಸು. ನೀರು ತಿಳಿ ಇದ್ದ ದಿನ ಬಂಡೆಗಲ್ಲಿನ ಸುತ್ತ ಗಿಳಿ ಮೀನು, ಚಿಟ್ಟಿ ಮೀನು, ನಸೀಬ್ ಇದ್ರ ಆಮಿನೂ ಕಾಣ್ತಾವ. ನಾನು ಆಮಿ ನೋಡೀನಿ, ನನ್ನ ಕಡೆ ಒಮ್ಮೆ ನೋಡಿ ಹಂಗs ತೇಲ್ಕೋತ ಹೋತು, ಅದು ಮರೆಯೂದಿಲ್ಲ.

ಆದ್ರ ಶಾಂತ ಬೇಕಂದ್ರ ಗುಡಿ ಹತ್ರ ಸಿಗೂದಿಲ್ಲ, ಊರು ಬಿಟ್ಟು ಎರಡ ಮೂರ ಕಿಮೀ ಆಚೆ ರೂಮು ನೋಡ್ರಿ. ಬೋಟು ಭಾಳ ಹೊಯ್ದಾಡ್ತದ, ವಾಂತಿ ಆಗೋರು ಮೊದಲs ಡಾಕ್ಟರ್ನ ಕೇಳಿ ಗುಳಿಗಿ ತಗೋರಿ. ಮುಂಜಾನಿ ಹಗೂರ ಎರಡು ಇಡ್ಲಿ ಸಾಕು. ನಮ್ಮ ಜೋಡಿ ಬಂದ ಒಬ್ಬಾಂವ ಹೊಟ್ಟಿತುಂಬ ಪೂರಿ ತಿಂದು ಬಂದು ದ್ವೀಪ ಮುಟ್ಟೋದ್ರಾಗ ಸುಸ್ತಾಗಿ ಮಲಗಿಬಿಟ್ಟ, ಕೊಟ್ಟ ರೊಕ್ಕ ಹೋತು.

ಹಿನ್ನೀರದಂಡಿ

ಇಬ್ಬರಿಗೂ ಭಾಳ ಭಾಳ ಧನ್ಯವಾದರೀ. ಅಕ್ಕಾರ, ಘಾಟಿನ ಮಾತು ಓದಿ ಎದಿ ಝಲ್ ಅಂತು. ಡೈವ್ ಮಾಡಿದ ಕೂಡ್ಲೆ ಎತ್ತರಕ್ಕ ಹೋಗಬಾರದು ಅನ್ನೋದು ವಿಮಾನಕ್ಕಷ್ಟ ಅಲ್ಲೇನು? ಮಗಳು ಮಾಡೋದು ಒಂದs ಡೈವ್, ಅದೂ ಮೊದಲನೇ ಸಲ. ಹಂಗಿದ್ರೂ ಕಾಯಬೇಕಾ?

ಕಡೋಲಕರ ಗಲ್ಲಿ (ಬೆಳಗಾವಿ)

ನಾನು ಸ್ಕೂಬಾ ಕಲಿಸೋ ಓಪನ್ ವಾಟರ್ ಕೋರ್ಸ್ ಮಾಡೀನಿ, ಅದಕ್ಕ ಹೇಳ್ತೀನ್ರಿ. ನೀರಾಗ 10 ಮೀಟರ್ ಇಳದ್ರ ಮೈ ಮ್ಯಾಲಿನ ಒತ್ತಡ ದಂಡಿ ಮ್ಯಾಲಿನಕ್ಕಿಂತ ಎರಡ ಪಟ್ಟು ಆಗ್ತೈತಿ. ಆ ಒತ್ತಡದಾಗ ಉಸಿರಾಡಿದ ಗಾಳಿಯೊಳಗಿನ ನೈಟ್ರೋಜನ್ ರಕ್ತದಾಗ, ಮಾಂಸಖಂಡದಾಗ ಕರಗಿ ಕೂಡ್ತದ. ಮ್ಯಾಲ ಬಂದ ಮ್ಯಾಲ ಅದು ಸಾವಕಾಶ ಉಸಿರಿನ ಜೋಡಿ ಹೊರಗ ಹೋಗಬೇಕು. ಅಷ್ಟ್ರಾಗ ಎತ್ತರಕ್ಕ ಹೋದ್ರ ಹೊರಗಿನ ಒತ್ತಡ ಇನ್ನೂ ಕಡಿಮಿ ಆಗಿ, ಗೋಲಿ ಸೋಡಾ ಒಡದಂಗ ಒಳಗ ಗುಳ್ಳಿ ಏಳಬಹುದು. ಕೀಲು ನೋವು, ಜುಮು ಜುಮು, ತಲಿ ತಿರುಗೋದು ಎಲ್ಲಾ ಅದರಿಂದ. ಹಂಗ ಆದ್ರ ಆಕ್ಸಿಜನ್ ಬೇಕು, ತಡ ಮಾಡದ ಡಾಕ್ಟರ್ ಹತ್ರ ಹೋಗಬೇಕು, ಡೈವ್ ಮಾಡಿದ್ದು ಮೊದಲs ಹೇಳಬೇಕು.

ಒಂದು ಡೈವ್ ಆದ್ರ ಕಮ್ಮಿ ಅಂದ್ರ 12 ತಾಸು, ಒಂದಕ್ಕಿಂತ ಹೆಚ್ಚಾದ್ರ 18 ತಾಸು ಬಿಟ್ಟು ವಿಮಾನ ಹತ್ತಬೇಕು ಅಂತ ನಿಯಮ. ಅದು 2000 ಅಡಿ ಮ್ಯಾಲಿನ ಎತ್ತರಕ್ಕೆಲ್ಲಾ ಲೆಕ್ಕ, ವಿಮಾನ ಇರಲಿ ಕಾರ್ ಇರಲಿ, ಮೈಗೆ ಎರಡೂ ಒಂದs. ಬೆಳಗಾವಿ ಹತ್ತತ್ರ 2500 ಅಡಿ ಎತ್ತರ ಐತಿ, ಆಂಬೋಲಿನೂ 2000 ದಾಟೇತಿ. ನಾವು ಊರಾಗs ಹುಟ್ಟಿ ಬೆಳದವ್ರು, ಗುಡ್ಡದ ಮ್ಯಾಲ ಅದೀವಿ ಅಂತ ನಮಗ ಅನಸೂದs ಇಲ್ಲ. ಮುರ್ಡೇಶ್ವರಕ್ಕ ಹೋದ್ರೂ ಬಿಡೂದಿಲ್ಲ, ಅಂಕೋಲಾ ದಾಟಿ ಅರಬೈಲ ಘಾಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ಮ್ಯಾಲೇನs ಬರಬೇಕು. ಕಡಿಮಿ ಆಳದ ಒಂದು ಡೈವಿಗೆ ಅಪಾಯ ಕಡಿಮಿ ಖರೆ, ಆದ್ರ 14 ವರ್ಷದ ಹುಡುಗಿ, ಒಂದು ರಾತ್ರಿ ಉಳಿಯೋದ್ರಾಗ ಏನು ಹೋಗ್ತೈತಿ.

ಮಗಳಿಗೆ ನೆಗಡಿ ಇದ್ರ ಇಳಸಬ್ಯಾಡ್ರಿ, ಕಿವಿಯೊಳಗಿನ ಒತ್ತಡ ಸರಿ ಆಗೂದಿಲ್ಲ. ಇಳಿಯೋ ಮುಂದ ಮೀಟರ್ ಮೀಟರಿಗೆ ಮೂಗು ಹಿಡದು ಹಗೂರ ಊದಬೇಕು, ನೋವಾದ್ರ ನಿಲ್ಲಬೇಕು, ಒಳಗ ಉಸಿರು ಕಟ್ಟಿ ಹಿಡೀಬಾರದು. ಇವನ್ನ ಮನ್ಯಾಗs ಹೇಳಿಕೊಡ್ರಿ. ಕೋರ್ಸ್ ಇಲ್ಲದ ಮೊದಲನೇ ಡೈವಿಗೆ 12 ಮೀಟರ್ ಮಿತಿ. ಆರೋಗ್ಯದ ಫಾರ್ಮ್ ತುಂಬಿಸದ, ಕಡಿಮಿ ನೀರಾಗ ಪ್ರಾಕ್ಟೀಸ್ ಮಾಡಿಸದ ಸೀದಾ ಬೋಟಿನಿಂದ ಇಳಸಾಕ ಬಂದ್ರ ವಾಪಸ್ ಬರ್ರಿ, ಅಡ್ವಾನ್ಸ್ ಹೋದ್ರ ಹೋಗಲಿ. ಮಗನಿಗೆ 8 ಅಂದ್ರಿ, ಸಮುದ್ರದಾಗ ಡೈವಿಗೆ 10 ಆಗಿರಬೇಕು. ಅವಂಗ ಲೈಫ್ ಜಾಕೆಟ್ ಹಾಕಿ ಸ್ನಾರ್ಕ್ಲಿಂಗ್ ಮಾಡಸ್ರಿ, ಅಂದ್ರ ನೀರಿನ ಮ್ಯಾಲs ತೇಲ್ಕೋತ ನಳಗಿಯಿಂದ ಉಸಿರಾಡಿ ಕೆಳಗ ನೋಡೋದು.

ಹಿನ್ನೀರದಂಡಿ

ಮನ್ಯಾಗ ಎಲ್ಲಾ ಓದಿ ತೋರಿಸಿದ್ನಿರೀ. ದೇವಬಾಗ ಅಂತ ಆತು, ಮುರ್ಡೇಶ್ವರ ಶಿವರಾತ್ರಿಗೆ ಇಟ್ಕೊಂಡೇವಿ. ಡೈವ್ ಎರಡನೇ ದಿನ ಮುಂಜಾನಿ. ಮೂರನೇ ದಿನ ಕಿಲ್ಲಾ, ಬಾವಿ, ಸುಮ್ಮ ಕೂಡೋದು. ನಾಕನೇ ದಿನ ಲೋಕಾಪುರ ಮ್ಯಾಲ ಸೀದಾ ಊರು, ಅಕ್ಕನ ಮನ್ಯಾಗ ಚಾ ಅಷ್ಟ. ಒಂದು ರಾತ್ರಿ ರೂಮಿನ ರೊಕ್ಕ ಜಾಸ್ತಿ ಆದ್ರೂ ಅದರಾಗ ಉಳಿತಾಯ ಮಾಡೂದಿಲ್ಲ.

ನೀವು ಬರದಿದ್ದನ್ನ ಅವ್ವನ ಮುಂದ ಜೋರಾಗಿ ಓದಿದೆ, ಊದೋದು, ನಿಲ್ಲೋದು, ಸಾವಕಾಶ ಮ್ಯಾಲ ಬರೋದು ಎಲ್ಲಾ. ಪೂರಾ ಕೇಳಿ, ಆ ಹಾಲು ಬಾವಿ ನೀರು ಕುಡಿಯಾಕ ಕೊಡ್ತಾರೇನು ಅಂತ ಕೇಳಿದ್ಲು. ಅಕ್ಕಾರ, ಕೊಡ್ತಾರೇನ್ರಿ?

ಟಿಳಕವಾಡಿ ಅಕ್ಕ

ಬಾವಿ ಹತ್ರ ಹೋಗಿ ನೋಡಬಹುದು ಅಣ್ಣಾರ, ಕುಡಿಯಾಕ ಮಾತ್ರ ಬಾಟ್ಲಿ ನೀರು ಒಯ್ರಿ. ಬೋಟ್ ಹತ್ತೋ ಮುಂದ ಅವ್ವಾರ ಕೈ ಹಿಡದು ಹತ್ತಸ್ರಿ, ಅಲ್ಲಿ ಭಾಳ ಅಳ್ಳಾಡ್ತೈತಿ. ಬಿಸಲು ಏರೋದ್ರಾಗ ಮೊದಲನೇ ಬೋಟಿಗೇ ಹೋಗ್ರಿ.