ಪದಚರ್ಚೆ: ‘ಎಂಡ್ ಆಫ್ ವಾಚ್’ ಅಂದರೆ ಕಾವಲೋ, ಪಾಳಿಯೋ?

ಪ್ರಶ್ನೆ (ವಿರಾಜಪೇಟೆ): ಒಂದೇ ಕಾರಿನಲ್ಲಿ ಗಸ್ತು ತಿರುಗುವ ಲಾಸ್ ಏಂಜಲೀಸಿನ ಇಬ್ಬರು ಪೊಲೀಸರ ಸಿನಿಮಾಕ್ಕೆ ಕನ್ನಡ ಅಡಿಬರಹ ಬರೆಯಬೇಕಿದೆ. ‘ಎಂಡ್ ಆಫ್ ವಾಚ್’ಗೆ ‘ಕಾವಲಿನ ಕೊನೆ’ ಎಂದರೆ ತೋಟದ ಕಾವಲುಗಾರ ನೆನಪಾಗುತ್ತಾನೆ. ‘ಪಾರ್ಟ್ನರ್’ ಎಂದು ಹಾಗೇ ಬಿಟ್ಟರೆ ಕಾಫಿ ವ್ಯಾಪಾರದ ಪಾಲುದಾರನಂತೆ ಕೇಳುತ್ತದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಮಡಿಕೇರಿ): ಕಾವಲು ಬೇಡ ಸರ್. ಅಲ್ಲಿನ ಪೊಲೀಸರ ಬಾಯಲ್ಲಿ ‘ವಾಚ್’ ಅಂದರೆ ಶಿಫ್ಟು. ದಿನದ ಕೆಲಸ ಮುಗಿದರೂ ‘ಎಂಡ್ ಆಫ್ ವಾಚ್’, ಕರ್ತವ್ಯದಲ್ಲಿ ಜೀವ ಹೋದರೂ ಅದೇ ಮಾತು. ಸತ್ತವನ ನಂಬರನ್ನು ಕಂಟ್ರೋಲ್ ರೂಮಿನವರು ವೈರ್‌ಲೆಸ್ಸಿನಲ್ಲಿ ಕರೆಯುತ್ತಾರೆ, ಉತ್ತರ ಬರುವುದಿಲ್ಲ, ಆಮೇಲೆ ಈ ಮಾತು ಹೇಳಿ ಮುಗಿಸುವ ಪದ್ಧತಿ ಅಲ್ಲಿದೆ. ಅಲ್ಲಿ ‘ಹುತಾತ್ಮ’ ಎಂದು ಬರೆದರೆ ಕೆಟ್ಟಿತು. ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನಕ್ಕೆ ಒಪ್ಪುವ ಪದ ಅದು; ವೈರ್‌ಲೆಸ್ಸಿನ ಒಣ ದನಿಗೆ ಭಾಷಣ ಅಂಟಿಸಿದಂತಾಗುತ್ತದೆ. ‘ಡ್ಯೂಟಿ ಮುಗೀತು’ ಹಗುರ, ಕೈತೊಳೆದುಕೊಂಡ ಧಾಟಿಯೂ ಅದಕ್ಕಿದೆ. ನನ್ನ ಮತ ‘ಪಾಳಿ ಮುಗಿಯಿತು’. ಆದರೆ ಮೊದಲ ಹಾಜರಿ ದೃಶ್ಯದಿಂದಲೇ ಶಿಫ್ಟಿಗೆ ‘ಪಾಳಿ’ ಎಂದೇ ಬರೆದುಕೊಂಡು ಬನ್ನಿ. ನಡುವೆ ಶಿಫ್ಟು, ಡ್ಯೂಟಿ ಎಂದು ಬದಲಾಯಿಸಿದರೆ ಕೊನೆಯಲ್ಲಿ ಪದಕ್ಕೆ ತೂಕ ಬರದು.

‘ಗಸ್ತು’ ತಪ್ಪಲ್ಲ. ಆದರೆ ನಾಗರಹೊಳೆ ಅಂಚಿನ ಊರುಗಳಲ್ಲಿ ಅದು ಮೊದಲು ಅರಣ್ಯ ಇಲಾಖೆಯವರ ಪದ, ‘ಬೀಟ್’ ಕೂಡ ಹಾಗೇ. ಕಾರಿನಲ್ಲಿ ಸುತ್ತುವುದಕ್ಕೆ ‘ರೌಂಡ್ಸ್’ ಸಲೀಸು.

ಪಾರ್ಟ್ನರಿಗೆ ಒಂದೇ ಪದ ಹುಡುಕಬೇಡಿ. ಮೂರನೆಯವರಿಗೆ ಪರಿಚಯಿಸುವಾಗ ‘ಜೊತೆಗಾರ’ ಸಾಕು. ಒಬ್ಬರನ್ನೊಬ್ಬರು ಕರೆಯುವಾಗ ನಮ್ಮ ಕಡೆಯ ‘ಮಾರಾಯ’ ಸಾಕು, ಇಬ್ಬರೂ ಸಮಾನ ದರ್ಜೆಯವರಾದ್ದರಿಂದ ‘ನೀನು’ ಇರಲಿ. ಸಾರ್ಜೆಂಟ್ ಎದುರಿಗೆ ಬಂದರೆ ಮಾತ್ರ ‘ಸರ್’.

ಕರೆಸಂಕೇತದಲ್ಲಿ, ಅಂದರೆ ವೈರ್‌ಲೆಸ್ಸಿನಲ್ಲಿ ಒಂದೊಂದು ಕಾರನ್ನು ಕರೆಯುವ ಹೆಸರಿನಲ್ಲಿ, ಎಡವುವವರು ಬಹಳ. ‘1-ಆಡಂ-12’ರಲ್ಲಿ ಆಡಂ ಯಾರ ಹೆಸರೂ ಅಲ್ಲ, ಮೊದಲ ಅಂಕಿ ಡಿವಿಷನ್ನಿನದು, ಆಡಂ ಅಂದರೆ ಇಬ್ಬರಿರುವ ಕಾರು. ಒಬ್ಬನೇ ಇದ್ದರೆ ‘ಲಿಂಕನ್’. ಇವನ್ನು ಅನುವಾದಿಸದೆ ಹಾಗೇ ಬಿಡಿ. ‘ಕೋಡ್ 3’ಕ್ಕೆ ಮಾತ್ರ ಅರ್ಥ ಬರೆಯಿರಿ: ‘ಸೈರನ್, ಲೈಟು ಹಾಕಿ ಬನ್ನಿ’. ‘ಕೋಡ್ 4’ ಅಂದರೆ ‘ಇನ್ನು ಯಾರೂ ಬರಬೇಕಿಲ್ಲ’. ಅದನ್ನು ‘ಓಕೆ’ ಎಂದು ಮುಗಿಸಿಬಿಟ್ಟರೆ, ದಾರಿಯಲ್ಲಿದ್ದ ಕಾರುಗಳು ಯಾಕೆ ತಿರುಗಿಹೋದವೆಂದು ನೋಡುವವರಿಗೆ ತಿಳಿಯುವುದಿಲ್ಲ.